ಬೆಲ್‌ಫಾಸ್ಟಿನ ಗ್ರಾಮಫೋನ್ ತಟ್ಟೆಯ ಅಂಗಡಿ

1978ನೆಯ ಇಸವಿ ಸೆಪ್ಟೆಂಬರ್ ತಿಂಗಳು. ರಾತ್ರಿ ಹತ್ತು ಗಂಟೆಯ ಮೇಲೆ ಬಿ.ಬಿ.ಸಿ.ಯ 'ರೇಡಿಯೋ ಒನ್' ಎಂಬ ವಿಭಾಗದಲ್ಲಿ ಜಾನ್ ಪೀಲ್ ಎಂಬ ನಿರೂಪಕರು ಒಂದು ಹಾಡಿನ ತಟ್ಟೆಯನ್ನು ಹಾಕಿದರು. ಎರಡೂವರೆ ನಿಮಿಷದ ಹಾಡು. ಅದು ಮುಗಿದಾಗ ಪೀಲ್ ಅವರು ಮುಂದಿನ ತಟ್ಟೆಗೆ ಕೈ ಹಾಕಲಿಲ್ಲ. ಮುಳ್ಳನ್ನೆತ್ತಿ ಮತ್ತೆ ಅದೇ ಹಾಡಿನ ಮೊದಲಿಗೆ ತಂದಿಟ್ಟರು. ಕೇಳುಗರು ಅದೇ ಹಾಡನ್ನು ಒಡನೊಡನೆ ಎರಡು ಸಲ ಕೇಳಿದರು. ಕಾರ್ಯಕ್ರಮ ಪಟ್ಟಿಯನ್ನು ಮುಂದಿಟ್ಟುಕೊಂಡು ಗಡಿಯಾರ ನೋಡಿ ರೇಡಿಯೋ ತಿರುಗಿಸುವ ಅಭ್ಯಾಸವುಳ್ಳ ನಿಮಗೆ ಇದು ಎಷ್ಟು ಅಪರೂಪದ ಸಂಗತಿಯೆಂದು ವಿವರಿಸಬೇಕಾಗಿಲ್ಲ. ನಿಲಯದಲ್ಲಿ ಒಂದೊಂದು ನಿಮಿಷಕ್ಕೂ ಲೆಕ್ಕವುಂಟು. ಹಾಡಿದವರು ಹೆಸರಾಂತ ವಿದ್ವಾಂಸರೂ ಅಲ್ಲ. ಉತ್ತರ ಐರ್ಲೆಂಡಿನ ಡೆರಿ ಎಂಬ ಊರಿನ ಐದು ಮಂದಿ ಹುಡುಗರು. ತಮ್ಮ ತಂಡಕ್ಕೆ 'ಅಂಡರ್‌ಟೋನ್ಸ್' ಎಂದು ಹೆಸರಿಟ್ಟುಕೊಂಡಿದ್ದವರು. ಆ ತಟ್ಟೆಯನ್ನು ಹೊರತಂದವರು ಬೆಲ್‌ಫಾಸ್ಟ್ ನಗರದ ಒಂದು ಚಿಕ್ಕ ಅಂಗಡಿಯವರು.

ಆ ಅಂಗಡಿಯ ಚರಿತ್ರೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಅದರ ಮೇಲೆ 2012ರಲ್ಲಿ 'ಗುಡ್ ವೈಬ್ರೇಷನ್ಸ್' ಎಂಬ ಒಂದು ಚಲಚ್ಚಿತ್ರವೂ ಬಂದಿದೆ. ನಗುವೂ ಅಳುವೂ ಒಂದರ ಬೆನ್ನಿಗೊಂದು ಬರುವ ಚಿತ್ರ. ಆದರೆ ಆ ಊರಿನ ಪರಿಸ್ಥಿತಿಯನ್ನು ಅರಿಯದೆ ಚಿತ್ರವನ್ನು ನೋಡಿದರೆ, ಯಾರೋ ಕೆಲವು ಹುಡುಗರು ಕೂದಲು ಕೆದರಿಕೊಂಡು ಗದ್ದಲ ಮಾಡಿದರು ಎಂಬುದಷ್ಟೇ ಕಂಡೀತು. ಆದ್ದರಿಂದ ಮೊದಲು ಊರಿನ ಮಾತು.

ಐರ್ಲೆಂಡ್ ದ್ವೀಪದ ಉತ್ತರಭಾಗಕ್ಕೆ ಆಲ್ಸ್ಟರ್ ಎಂದು ಹೆಸರು. ಹದಿನೇಳನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಅರಸರು ಅಲ್ಲಿಯ ಭೂಮಿಯನ್ನು ಸ್ಥಳೀಯರಿಂದ ಕಸಿದು ಸ್ಕಾಟ್ಲೆಂಡ್ ಇಂಗ್ಲೆಂಡುಗಳಿಂದ ಬಂದ ಪ್ರೊಟೆಸ್ಟಂಟ್ ಒಕ್ಕಲುಗಳಿಗೆ ಕೊಟ್ಟರು. ಮೊದಲಿದ್ದವರು ಕ್ಯಾಥೊಲಿಕರು. 1921ರಲ್ಲಿ ದ್ವೀಪವು ಎರಡು ಹೋಳಾಯಿತು. ದಕ್ಷಿಣವು ಬ್ರಿಟಿಷ್ ಆಳ್ವಿಕೆಯಿಂದ ಬಿಡಿಸಿಕೊಂಡಿತು; ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನೊಡನೆ ಉಳಿದುವು. ಉತ್ತರದಲ್ಲಿ ಬಹುಸಂಖ್ಯಾತರಾದ ಪ್ರೊಟೆಸ್ಟಂಟರಿಗೆ ಈ ಏರ್ಪಾಟು ಬೇಕಾಗಿತ್ತು, ಕ್ಯಾಥೊಲಿಕರಿಗೆ ಬೇಡವಾಗಿತ್ತು. ಮನೆ, ಉದ್ಯೋಗ, ಮತದಾನ ಇವುಗಳಲ್ಲಿ ತಮಗೆ ಅನ್ಯಾಯವಾಗುತ್ತಿದೆಯೆಂದು ಕ್ಯಾಥೊಲಿಕರು 1960ರ ದಶಕದ ಕೊನೆಯಲ್ಲಿ ಮೆರವಣಿಗೆ ತೆಗೆದರು. ಮೆರವಣಿಗೆ ಗಲಭೆಯಾಯಿತು. 1969ರ ಆಗಸ್ಟಿನಲ್ಲಿ ಬ್ರಿಟಿಷ್ ಸೈನ್ಯ ಬೀದಿಗಿಳಿಯಿತು. ಎರಡು ಪಕ್ಷದಲ್ಲಿಯೂ ಗುಪ್ತ ಸೇನೆಗಳು ಎದ್ದುವು. 1972ರ ಒಂದೇ ವರ್ಷದಲ್ಲಿ, ಹದಿನೈದು ಲಕ್ಷ ಜನರಿರುವ ಆ ಚಿಕ್ಕ ಸೀಮೆಯಲ್ಲಿ, ಐನೂರಕ್ಕೆ ಸಮೀಪ ಮಂದಿ ಕೊಲೆಯಾದರು. ಅದೇ ವರ್ಷದ ಜನವರಿ 30ರಂದು ಡೆರಿಯಲ್ಲಿ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿ ಅಂದೇ ಹದಿಮೂರು ಮಂದಿಯನ್ನು ಕೊಂದರು. ಅಂಡರ್‌ಟೋನ್ಸ್ ತಂಡದ ಹುಡುಗರು ಆ ಊರಿನಲ್ಲಿ ಆ ವರ್ಷಗಳಲ್ಲಿ ಬೆಳೆದವರೆಂಬುದನ್ನು ಮನಸ್ಸಿನಲ್ಲಿಡಿ.

ಈ ಎರಡು ಪಂಗಡಗಳವರೂ ನೋಟಕ್ಕೆ ಒಂದೇ ಬಗೆ. ಆಡುವುದು ಒಂದೇ ನುಡಿ. ತಿನ್ನುವುದು ಅದೇ ಆಲೂಗಡ್ಡೆ. ಹಾಗಾದರೆ ದಾರಿಯಲ್ಲಿ ಸಿಕ್ಕಿದವನು ಯಾವ ಕಡೆಯವನೆಂದು ತಿಳಿಯುವುದು ಹೇಗೆ? ಭಾಷೆ ಕಲಿಸುವ ಕಸುಬಿನವನಾದ ನನಗೆ ಇದರ ಉತ್ತರ ಬಹಳ ಸ್ವಾರಸ್ಯವಾಗಿ ಕಂಡಿತು. ಮೊದಲು ಹೆಸರು ಕೇಳುವರು. ಸೇಮಸ್ ಎಂದರೆ ಒಂದು ಕಡೆ, ವಿಲಿಯಂ ಎಂದರೆ ಇನ್ನೊಂದು ಕಡೆ. ಆಮೇಲೆ ಓದಿದ ಶಾಲೆ. ಏಕೆಂದರೆ ಎರಡು ಪಂಗಡದ ಮಕ್ಕಳಿಗೂ ಬೇರೆಬೇರೆ ಶಾಲೆಗಳು. ಊರ ಹೆಸರನ್ನು 'ಡೆರಿ' ಎಂದನೋ 'ಲಂಡನ್‌ಡೆರಿ' ಎಂದನೋ ಎಂಬುದರಿಂದಲೂ ತಿಳಿಯುವುದು. ಇವೆಲ್ಲ ಹೋಗಲಿ, ಇಂಗ್ಲಿಷ್ ಅಕ್ಷರಮಾಲೆಯ ಎಂಟನೆಯ ಅಕ್ಷರವನ್ನು ಕ್ಯಾಥೊಲಿಕ್ ಶಾಲೆಯಲ್ಲಿ ಕಲಿತವನು 'ಹೇಚ್' ಎಂದೂ ಪ್ರೊಟೆಸ್ಟಂಟ್ ಶಾಲೆಯಲ್ಲಿ ಕಲಿತವನು 'ಏಚ್' ಎಂದೂ ಹೇಳುವನಂತೆ! ನಮ್ಮಲ್ಲಿಯೂ ಹಕಾರವನ್ನು ನುಂಗಿ 'ಆಲು' 'ಅಣ್ಣು' ಎನ್ನುವ ಹುಡುಗರುಂಟು. ಮೇಷ್ಟರಿಂದ ಒಂದು ಗದರಿಕೆ ಸಿಕ್ಕೀತು, ಅಷ್ಟೆ. ಬೆಲ್‌ಫಾಸ್ಟಿನ ತಪ್ಪು ಬೀದಿಯಲ್ಲಿ, ತಪ್ಪು ಹೊತ್ತಿನಲ್ಲಿ, ಒಂದು ಹಕಾರಕ್ಕೆ ಪ್ರಾಣವೇ ಹೋಗಬಹುದಾಗಿತ್ತು.

ನಗರದ ನಡುಭಾಗದ ಸುತ್ತ ಉಕ್ಕಿನ ಬಾಗಿಲುಗಳನ್ನು ಹಾಕಿದ್ದರು. ಪೇಟೆಗೆ ಹೋಗುವವರು ಕೈಚೀಲ ಬಿಚ್ಚಿ ತೋರಿಸಿ, ಮೈ ತಡವಿಸಿಕೊಂಡು ಒಳಗೆ ಹೋಗಬೇಕು. ಸಂಜೆ ಅಂಗಡಿಗಳು ಮುಚ್ಚಿದುವೆಂದರೆ ಪೇಟೆ ನಿರ್ಜನ. ಜನರೆಲ್ಲ ತಮ್ಮ ತಮ್ಮ ಪಂಗಡದ ಕೇರಿಗಳಿಗೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳುವರು. ಹದಿನೆಂಟು ವರ್ಷದ ಹುಡುಗನೊಬ್ಬ ಮತ್ತೊಂದು ಪಂಗಡದ ಹುಡುಗನೊಡನೆ ಕುಳಿತು ಮಾತನಾಡುವುದಕ್ಕೆ ಸ್ಥಳವೂ ಇರಲಿಲ್ಲ, ಸಂದರ್ಭವೂ ಇರಲಿಲ್ಲ.

ಒಂದು ಕಾಲಕ್ಕೆ ಆ ಸಂದರ್ಭವನ್ನು ಒದಗಿಸುತ್ತಿದ್ದುದು ಸಂಗೀತವೇ. ಐರ್ಲೆಂಡಿನಲ್ಲಿ 'ಷೋಬ್ಯಾಂಡ್' ಎಂಬ ವಾದ್ಯಮೇಳಗಳಿದ್ದುವು. ಸೂಟು ತೊಟ್ಟು, ತುತ್ತೂರಿ ಗಿಟಾರುಗಳನ್ನು ಹಿಡಿದು, ಊರೂರಿನ ನೃತ್ಯಮಂದಿರಗಳಲ್ಲಿ ಜನಪ್ರಿಯ ಹಾಡುಗಳನ್ನು ನುಡಿಸುವ ತಂಡಗಳು ಅವು. ಎಲ್ಲ ಮತದವರೂ ಬಂದು ಕುಣಿಯುತ್ತಿದ್ದರು. ಅವುಗಳಲ್ಲಿ 'ಮಿಯಾಮಿ ಷೋಬ್ಯಾಂಡ್' ಬಹಳ ಹೆಸರುವಾಸಿ. ಅದರಲ್ಲಿ ಕ್ಯಾಥೊಲಿಕರೂ ಇದ್ದರು, ಪ್ರೊಟೆಸ್ಟಂಟರೂ ಇದ್ದರು. 1975ರ ಜುಲೈ 31ರ ನಡುರಾತ್ರಿಯ ಮೇಲೆ ಅವರು ಬ್ಯಾನ್‌ಬ್ರಿಜ್ ಎಂಬ ಊರಿನಲ್ಲಿ ಕಚೇರಿ ಮುಗಿಸಿ ಡಬ್ಲಿನ್ ಕಡೆಗೆ ವ್ಯಾನಿನಲ್ಲಿ ಹೋಗುತ್ತಿದ್ದರು. ನ್ಯೂರಿ ಪಟ್ಟಣಕ್ಕೆ ಇನ್ನೂ ದೂರವಿರುವಾಗಲೇ ಸೈನಿಕರ ಉಡುಪಿನವರು ದೀಪ ಬೀಸಿ ಗಾಡಿ ನಿಲ್ಲಿಸಿದರು. ತಪಾಸಣೆಯೆಂದು ವಾದಕರನ್ನು ಇಳಿಸಿ ದಾರಿಯಂಚಿನಲ್ಲಿ ಸಾಲಾಗಿ ನಿಲ್ಲಿಸಿದರು. ಅದು ನಿತ್ಯದ ಅನುಭವ. ಯಾರೂ ಗಾಬರಿಯಾಗಲಿಲ್ಲ, ತಮಾಷೆಯ ಮಾತುಗಳೂ ನಡೆದುವಂತೆ. ಆದರೆ ಬಂದವರು ಪ್ರೊಟೆಸ್ಟಂಟ್ ಪಕ್ಷದ ಒಂದು ಗುಪ್ತ ಸೇನೆಯವರು. ಅವರಲ್ಲಿ ಕೆಲವರು ಸ್ಥಳೀಯ ಸೇನಾದಳದಲ್ಲಿಯೂ ಇದ್ದವರೇ ಎಂಬುದು ಮುಂದೆ ನ್ಯಾಯಾಲಯದಲ್ಲಿ ಹೊರಬಿತ್ತು. ವಾದ್ಯಗಳ ನಡುವೆ ಬಾಂಬನ್ನು ಅಡಗಿಸಿಡಲು ಹೋದಾಗ ಅದು ಅವರ ಕೈಯಲ್ಲೇ ಸಿಡಿದು ಇಬ್ಬರು ಛಿದ್ರವಾದರು. ಉಳಿದವರು ವಾದಕರ ಮೇಲೆ ಗುಂಡು ಹಾರಿಸಿದರು. ಗಾಯಕ ಫ್ರಾನ್ ಒ'ಟೂಲ್, ಗಿಟಾರಿನ ಟೋನಿ ಗೆರಾಟಿ, ತುತ್ತೂರಿಯ ಬ್ರಯನ್ ಮೆಕಾಯ್ ಸತ್ತರು. ಇವರಲ್ಲಿ ಮೆಕಾಯ್ ಉತ್ತರದವರು, ಪ್ರೊಟೆಸ್ಟಂಟರು. ಇಬ್ಬರು ವಾದಕರು ಹೇಗೋ ಬದುಕಿಕೊಂಡರು.

ಕೊಲ್ಲುವವರು ವಾದಕರನ್ನೂ ಬಿಡುವುದಿಲ್ಲವೆಂದು ತಿಳಿದ ಮೇಲೆ ಹೊರಗಿನ ತಂಡಗಳು ಉತ್ತರಕ್ಕೆ ಬರಲು ಹೆದರಿದುವು. ಬೆಲ್‌ಫಾಸ್ಟಿನ ರಾತ್ರಿಗಳಿಂದ ಸಂಗೀತವೇ ಮಾಯವಾಯಿತೆಂದರೆ ಹೆಚ್ಚಿನ ಉತ್ಪ್ರೇಕ್ಷೆಯಲ್ಲ.

ಇಂಥ ಕಾಲದಲ್ಲಿ, 1976ರ ಸುಮಾರಿಗೆ, ಅಮೆರಿಕದ ನ್ಯೂಯಾರ್ಕಿನಲ್ಲಿಯೂ ಇಂಗ್ಲೆಂಡಿನ ಲಂಡನ್ನಿನಲ್ಲಿಯೂ 'ಪಂಕ್' ಎಂಬ ಹೊಸ ಬಗೆಯ ಸಂಗೀತ ಹುಟ್ಟಿತು. ಪಂಕ್ ಎಂಬ ಪದವನ್ನು ಕೇಳಿ ನಮ್ಮ ಸಂಸ್ಕೃತದ ಪಂಕ, ಎಂದರೆ ಕೆಸರು, ನಿಮಗೆ ನೆನಪಾದರೆ ತಪ್ಪಿಲ್ಲ. ಸಂಬಂಧವಿಲ್ಲದಿದ್ದರೂ ಆ ಸಂಗೀತವನ್ನು ದ್ವೇಷಿಸಿದವರ ಅಭಿಪ್ರಾಯ ಅದೇ ಆಗಿತ್ತು. ಇಂಗ್ಲಿಷಿನಲ್ಲಿ ಅದು ಹಳೆಯ ಬೈಗುಳ. ಹಿಂದೆ ಸೂಳೆಗೆ ಆ ಮಾತನ್ನು ಬಳಸುತ್ತಿದ್ದರು. ಆಮೇಲೆ ಕೆಲಸಕ್ಕೆ ಬಾರದ ಪುಂಡನಿಗೆ. ಅಮೆರಿಕದಲ್ಲಿ ಇನ್ನೊಂದು ಅರ್ಥವೂ ಇತ್ತು: ಕೊಳೆತು ಒಣಗಿದ ಮರದ ಪುಡಿ. ಚಕಮಕಿ ಕಲ್ಲಿನ ಕಿಡಿಯನ್ನು ಹಿಡಿದು ಬೆಂಕಿಮಾಡಲು ಅದನ್ನು ಉಪಯೋಗಿಸುತ್ತಿದ್ದರಂತೆ. ಇವೆಲ್ಲದರಲ್ಲಿ ನನಗೆ ಸರಿಯೆಂದು ತೋರುವುದು ಈ ಕೊನೆಯದು.

ಸಂಗೀತದ ದೃಷ್ಟಿಯಿಂದ ಪಂಕ್ ಬಡವನ ಅಡುಗೆ. ಮೂರು ಸ್ವರಮೇಳಗಳನ್ನು ಗಿಟಾರಿನಲ್ಲಿ ಹಿಡಿಯಲು ಬಂದರೆ ಸಾಕು. ಹಾಡು ಎರಡು ಮೂರು ನಿಮಿಷ, ವೇಗ ವಿಪರೀತ, ಕಂಠ ಕೂಗಿಗೆ ಸಮೀಪ. ಆಲಾಪನೆಯ ಸುಖವನ್ನು ಬಲ್ಲ ನಮ್ಮ ಕಿವಿಗೆ ಇದು ಒಗ್ಗುವುದು ಕಷ್ಟವೆಂದು ನಾನೂ ಒಪ್ಪುತ್ತೇನೆ. ಆದರೆ ಮಾರ್ಗ, ದೇಸಿ ಎಂಬ ಭೇದವನ್ನು ಮಾಡಿದ ನಮ್ಮ ಹಿರಿಯರು ದೇಸಿಯನ್ನು ಕೀಳೆಂದು ತಳ್ಳಲಿಲ್ಲವೆಂಬುದನ್ನು ಮರೆಯಬಾರದು. ಆ ಕಾಲದ ಪಾಶ್ಚಾತ್ಯ ರಾಕ್ ಸಂಗೀತವು ದೊಡ್ಡ ದೊಡ್ಡ ಯಂತ್ರಗಳನ್ನೂ ಅರ್ಧ ಗಂಟೆಯ ಕೃತಿಗಳನ್ನೂ ಕಟ್ಟಿಕೊಂಡು ಶ್ರೀಮಂತರ ಸೊತ್ತಾಗಿತ್ತು. ಪಂಕ್‌ನವರು, 'ಕಲಿತು ಬರುವವರೆಗೆ ಕಾಯಬೇಡ, ಇಂದೇ ಹಾಡು' ಎಂಬ ಧೈರ್ಯವನ್ನು ಹುಡುಗರಿಗೆ ಕೊಟ್ಟರು. ಯಾವ ಮೇಳವೂ ಹಾಯದ ಊರಿನ ಹುಡುಗರಿಗೆ ಆ ಮಾತು ಎಷ್ಟು ಹಿತವಾಗಿ ಕೇಳಿಸಿರಬೇಕೆಂಬುದನ್ನು ನೀವೇ ಊಹಿಸಿ.

1977ರ ಅಕ್ಟೋಬರಿನಲ್ಲಿ ಲಂಡನ್ನಿನ 'ಕ್ಲ್ಯಾಷ್' ಎಂಬ ಪ್ರಸಿದ್ಧ ಪಂಕ್ ತಂಡ ಧೈರ್ಯಮಾಡಿ ಬೆಲ್‌ಫಾಸ್ಟಿಗೆ ಬಂದಿತು. ಕಚೇರಿಗೆಂದು 'ಆಲ್ಸ್ಟರ್ ಹಾಲ್' ಎಂಬ ಹಳೆಯ ಸಭಾಮಂದಿರವನ್ನು ಗೊತ್ತುಮಾಡಿದ್ದರು. ಕೊನೆಯ ಗಳಿಗೆಯಲ್ಲಿ ವಿಮೆಯವರು ಹಿಂದೆಗೆದರು, ಕಚೇರಿ ರದ್ದಾಯಿತು. ಟಿಕೆಟ್ ಹಿಡಿದು ಬಂದ ಹುಡುಗ ಹುಡುಗಿಯರು ಬೆಡ್‌ಫರ್ಡ್ ಬೀದಿಯಲ್ಲಿ ಗುಂಪಾಗಿ ನಿಂತರು, ಪೋಲೀಸರೊಡನೆ ನೂಕಾಟವಾಯಿತು. ಊರಿನಲ್ಲಿ ಗಲಭೆಗಳಿಗೇನೂ ಕೊರತೆಯಿರಲಿಲ್ಲ. ಆದರೆ ಈ ಗಲಭೆಯಲ್ಲಿ ಎರಡು ಪಂಗಡದ ಮಕ್ಕಳೂ ಒಂದೇ ಕಡೆ ನಿಂತಿದ್ದರು! ತಮ್ಮಂಥವರು ಊರಿನಲ್ಲಿ ಇಷ್ಟು ಮಂದಿ ಇದ್ದಾರೆಂಬುದು ಅವರಿಗೆ ತಿಳಿದುದೇ ಅಂದು ಎಂದು ಆಗ ಅಲ್ಲಿದ್ದವರು ಹೇಳುತ್ತಾರೆ. ಹಾಡದೆ ಹೋದ ಕಚೇರಿಯಿಂದ ಇಷ್ಟು ಫಲವಾಯಿತು.

ಇನ್ನು ಅಂಗಡಿಯ ಯಜಮಾನರ ವಿಚಾರ. ಅವರ ಹೆಸರು ಟೆರಿ ಹೂಲಿ. ಹೂಲಿ ಎಂದೊಡನೆ ಸವದತ್ತಿಯ ಬಳಿಯ ನಮ್ಮ ಹೂಲಿಯನ್ನು, ಅಲ್ಲಿಯ ಪಂಚಲಿಂಗೇಶ್ವರ ದೇವಾಲಯವನ್ನು ನೆನೆಯಬೇಡಿ; ಇವರು ಅಪ್ಪಟ ಬೆಲ್‌ಫಾಸ್ಟಿನವರು, 1948ರಲ್ಲಿ ಹುಟ್ಟಿದವರು. ತಂದೆ ಇಂಗ್ಲೆಂಡಿನಿಂದ ಬಂದ ಸಮಾಜವಾದಿ, ಕಾರ್ಮಿಕ ಸಂಘದಲ್ಲಿ ದುಡಿದವರು. ಆದ್ದರಿಂದ ಮಗನಿಗೆ ಯಾವ ಪಂಗಡದ ಹುಚ್ಚೂ ಹಿಡಿಯಲಿಲ್ಲ. ಆರು ವರ್ಷದವರಿದ್ದಾಗ ಆಟದ ಬಾಣ ತಗುಲಿ ಎಡಗಣ್ಣು ಹೋಯಿತು. ಉಳಿದ ಒಂದು ಕಣ್ಣಿಗೆ ಮತ ಕಾಣಿಸಲಿಲ್ಲ, ಸಂಗೀತ ಮಾತ್ರ ಕಾಣಿಸಿತು ಎಂದು ಯಾರಾದರೂ ಹೇಳಿದರೆ ಅದು ಅಲಂಕಾರದ ಮಾತಾದರೂ ಸುಳ್ಳಲ್ಲ. 1970ರ ದಶಕದ ನಡುವಿನಲ್ಲಿ ಅವರು ಗ್ರೇಟ್ ವಿಕ್ಟೋರಿಯಾ ಬೀದಿಯ ಒಂದು ಪಾಳುಬಿದ್ದ ಕಟ್ಟಡದಲ್ಲಿ ಗ್ರಾಮಫೋನ್ ತಟ್ಟೆಗಳ ಅಂಗಡಿ ತೆರೆದರು. 'ಗುಡ್ ವೈಬ್ರೇಷನ್ಸ್' ಎಂದು ಹೆಸರಿಟ್ಟರು. ಅದೇ ಬೀದಿಯಲ್ಲಿ 'ಯೂರೋಪಾ' ಎಂಬ ಹೋಟೆಲಿತ್ತು. ಯೂರೋಪು ಖಂಡದಲ್ಲೇ ಅತಿ ಹೆಚ್ಚು ಬಾಂಬು ಬಿದ್ದ ಹೋಟೆಲೆಂದು ಅದಕ್ಕೆ ಖ್ಯಾತಿ. ಬುದ್ಧಿಯುಳ್ಳ ವರ್ತಕನಾರೂ ಅಂಥ ಕಡೆ ಅಂಗಡಿಯಿಡುವುದಿಲ್ಲ. ಹೂಲಿಯವರ ವ್ಯಾಪಾರ ಬುದ್ಧಿಯ ವಿಷಯವಾಗಿ ಮುಂದೆಯೂ ಹೇಳುವುದಿದೆ.

ಚಲಚ್ಚಿತ್ರದಲ್ಲಿ ಇಲ್ಲಿ ಒಂದು ವಿನೋದದ ಸನ್ನಿವೇಶವಿದೆ. ಅಂಗಡಿ ತೆರೆಯುವ ಮೊದಲು ಹೂಲಿಯವರು ಎರಡು ಪಕ್ಷದ ಪುಂಡರನ್ನೂ ಒಂದೇ ಕಡೆ ಕರೆದು ಕೂರಿಸಿ, ತಮ್ಮ ತಂಟೆಗೆ ಬಾರದಿರಲೆಂದು ಅವರಿಗೆ ಒಳ್ಳೆಯ ಒಳ್ಳೆಯ ತಟ್ಟೆಗಳನ್ನು ಕಾಣಿಕೆ ಕೊಡುತ್ತಾರೆ. ನಗು ಬರುತ್ತದೆ, ನಗುತ್ತ ನಗುತ್ತ ಮೈ ಜುಮ್ಮೆನ್ನುತ್ತದೆ.

1978ರ ಜನವರಿಯಲ್ಲಿ, 'ಪೌಂಡ್' ಎಂಬ ಪಾನಗೃಹದಲ್ಲಿ, ಹೂಲಿಯವರು ಮೊದಲ ಸಲ ಊರಿನ ಪಂಕ್ ತಂಡಗಳನ್ನು ಕೇಳಿದರು. 'ರೂಡಿ', 'ಔಟ್‌ಕಾಸ್ಟ್ಸ್' ಎಂಬ ತಂಡಗಳು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಆ ಹುಡುಗರ ಲೆಕ್ಕದಲ್ಲಿ ಮುದುಕರೇ. ಆದರೂ ಅವರಿಗೆ ಮೈಮೇಲೆ ಬಂದಂತಾಯಿತು. ಈ ಹುಡುಗರ ಹಾಡನ್ನು ಲಂಡನ್ನಿನವರು ಬಂದು ಮುದ್ರಿಸುವುದಿಲ್ಲ, ತಾವೇ ಮುದ್ರಿಸಬೇಕೆಂದು ನಿಶ್ಚಯಿಸಿದರು. ಅನುಭವವಿಲ್ಲ, ಹಣವಿಲ್ಲ. ಏಪ್ರಿಲ್ ತಿಂಗಳಲ್ಲಿ ರೂಡಿ ತಂಡದ 'ಬಿಗ್ ಟೈಮ್' ಎಂಬ ತಟ್ಟೆ ಹೊರಬಂತು. ತಟ್ಟೆಗೆ ಹೊದಿಕೆಯೆಂದರೆ ಅಚ್ಚುಹಾಕಿಸಿದ ಒಂದು ಹಾಳೆ. ಸ್ನೇಹಿತರೆಲ್ಲ ಕುಳಿತು, ನಮ್ಮ ಮದುವೆಮನೆಗಳಲ್ಲಿ ಹೆಂಗಸರು ವೀಳೆಯ ಮಡಿಸುವಂತೆ, ಒಂದೊಂದನ್ನೂ ಕೈಯಲ್ಲೇ ಮಡಿಸಿದರು.

ನಾಲ್ಕನೆಯ ತಟ್ಟೆಯೇ ಅಂಡರ್‌ಟೋನ್ಸ್‌ರದು. ಜಾನ್ ಮತ್ತು ಡೇಮಿಯನ್ ಒ'ನೀಲ್ ಸೋದರರು, ಬಿಲ್ಲಿ ಡೋಹರ್ಟಿ, ಮೈಕೇಲ್ ಬ್ರಾಡ್ಲಿ, ಗಾಯಕ ಫೀರ್ಗಲ್ ಷಾರ್ಕಿ — ಇಷ್ಟು ಮಂದಿ. ಷಾರ್ಕಿ ಬಾಲ್ಯದಲ್ಲಿ ಐರಿಷ್ ಸಂಪ್ರದಾಯದ ಗಾಯನಸ್ಪರ್ಧೆಗಳಲ್ಲಿ ಬಹುಮಾನ ಗಳಿಸಿದವರು. ಆ ನಡುಗುವ ಕಂಠ ಕೂಗಿನ ನಡುವೆಯೂ ಕೇಳಿಬರುತ್ತದೆ. 1978ರ ಜೂನಿನಲ್ಲಿ ಬೆಲ್‌ಫಾಸ್ಟಿನ ಒಂದು ಸಣ್ಣ ಧ್ವನಿಮುದ್ರಣ ಶಾಲೆಯಲ್ಲಿ ನಾಲ್ಕು ಹಾಡುಗಳನ್ನು ಮುದ್ರಿಸಿದರು. ಸುಮಾರು 200 ಪೌಂಡಿನ ವೆಚ್ಚ. ಮೊದಲನೆಯ ಹಾಡು ಜಾನ್ ಒ'ನೀಲ್ ರಚಿಸಿದ 'ಟೀನೇಜ್ ಕಿಕ್ಸ್'. ಅದರ ವಸ್ತು ಏನೆಂದು ಬಲ್ಲಿರಾ? ಬೀದಿಯಲ್ಲಿ ಕಂಡ ಒಬ್ಬ ಹುಡುಗಿಯ ಮೇಲೆ ಹುಡುಗನೊಬ್ಬನ ಮೋಹ. ಬಾಂಬಿಲ್ಲ, ಸೈನಿಕನಿಲ್ಲ, ಮತವಿಲ್ಲ.

ಹೂಲಿಯವರು ತಟ್ಟೆಯನ್ನು ಹಿಡಿದು ಲಂಡನ್ನಿನ ದೊಡ್ಡ ಕಂಪನಿಗಳ ಬಾಗಿಲು ತಟ್ಟಿದರು. ಯಾರಿಗೂ ಬೇಡವಾಯಿತು. ಸೋತು ಊರಿಗೆ ಮರಳಿದರು. ತಟ್ಟೆಯ ಒಂದು ಪ್ರತಿ ಮಾತ್ರ ಜಾನ್ ಪೀಲ್ ಅವರ ಕೈಗೆ ಸೇರಿತ್ತು. ಪೀಲ್ ಅವರು 1967ರಲ್ಲಿ 'ರೇಡಿಯೋ ಒನ್' ಆರಂಭವಾದಾಗಿನಿಂದ ಅಲ್ಲಿದ್ದವರು. ಹೆಸರಿಲ್ಲದವರು ಕಳಿಸಿದ ತಟ್ಟೆಗಳನ್ನು ಚೀಲಗಟ್ಟಲೆ ಮನೆಗೆ ಹೊತ್ತು ತಂದು ಕೇಳುವುದೇ ಅವರ ವ್ರತ. ಮುಂದೆ ನಡೆದದ್ದನ್ನು ಮೊದಲೇ ಹೇಳಿದ್ದೇನೆ. ಆ ಪ್ರಸಾರವಾದ ಕೆಲವೇ ದಿನಗಳಲ್ಲಿ 'ಸೈರ್' ಎಂಬ ಅಮೆರಿಕದ ಕಂಪನಿ ಅಂಡರ್‌ಟೋನ್ಸ್‌ರನ್ನು ಒಪ್ಪಂದಕ್ಕೆ ಕರೆಯಿತು. ಹಾಡು ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 31ನೆಯ ಸ್ಥಾನಕ್ಕೇರಿತು. ಹುಡುಗರು ದೂರದರ್ಶನದಲ್ಲಿ ಕಾಣಿಸಿಕೊಂಡರು. ಹೂಲಿಯವರಿಗೆ ಬಂದದ್ದೇನು? ಹಾಡಿನ ಹಕ್ಕನ್ನು 500 ಪೌಂಡಿಗೂ, ತಮಗೆ ಪ್ರಿಯವಾದ 'ಷಾಂಗ್ರಿ-ಲಾಸ್' ಎಂಬ ಗಾಯಕಿಯರ ಹಸ್ತಾಕ್ಷರವಿರುವ ಒಂದು ಭಾವಚಿತ್ರಕ್ಕೂ ಬಿಟ್ಟುಕೊಟ್ಟರೆಂದೂ, ಆ ಭಾವಚಿತ್ರ ಕೊನೆಗೂ ಕೈಗೆ ಬರಲಿಲ್ಲವೆಂದೂ ಕಥೆಯಿದೆ. ಅವರ ವ್ಯಾಪಾರ ಬುದ್ಧಿಯನ್ನು ಬಲ್ಲವರಾರೂ ಇದನ್ನು ನಂಬದಿರಲಾರರು.

ಇದೇ ಕಾಲದಲ್ಲಿ ಬೆಲ್‌ಫಾಸ್ಟಿನ ಇನ್ನೊಂದು ತಂಡ, 'ಸ್ಟಿಫ್ ಲಿಟ್ಲ್ ಫಿಂಗರ್ಸ್', ಬೇರೊಂದು ದಾರಿ ಹಿಡಿಯಿತು. ಗಾಯಕ ಜೇಕ್ ಬರ್ನ್ಸ್ ನೇರವಾಗಿ ಊರಿನ ಗಾಯವನ್ನೇ ಹಾಡಿದರು. ಸೈನ್ಯದವರನ್ನೂ ಗುಪ್ತ ಸೇನೆಗಳವರನ್ನೂ ಒಂದೇ ಉಸಿರಿನಲ್ಲಿ ಬೈದರು. ಗಾರ್ಡನ್ ಓಗಿಲ್ವಿ ಎಂಬ ಪತ್ರಕರ್ತರು ಸಾಹಿತ್ಯ ರಚನೆಯಲ್ಲಿ ಜೊತೆಗೂಡಿದರು. ಅವರ ಮೊದಲ ತಟ್ಟೆಗೆ 'ಸಸ್ಪೆಕ್ಟ್ ಡಿವೈಸ್', ಎಂದರೆ 'ಅನುಮಾನದ ಸ್ಫೋಟಕ', ಎಂದು ಹೆಸರು. ಅದರ ಪ್ರತಿಯನ್ನು ಬಾಂಬಿನ ಪೊಟ್ಟಣದಂತೆ ಕಟ್ಟಿ ಒಂದು ಕಂಪನಿಗೆ ಕಳಿಸಲಾಗಿ, ಅಲ್ಲಿಯವರು ಹೆದರಿ ನೀರಿನ ಬಕೆಟ್ಟಿಗೆ ಹಾಕಿಬಿಟ್ಟರಂತೆ! 1979ರಲ್ಲಿ ಬಂದ ಅವರ ಗೀತಸಂಪುಟ ಬ್ರಿಟನ್ನಿನಲ್ಲಿ ಬಹಳ ಚೆನ್ನಾಗಿ ಮಾರಾಟವಾಯಿತು.

ಯಾವುದು ಸರಿ — ಗಾಯವನ್ನು ಹಾಡುವುದೋ, ಗಾಯವನ್ನು ಬಿಟ್ಟು ಹುಡುಗಿಯನ್ನು ಹಾಡುವುದೋ? ಈ ವಾದ ಆಗಲೇ ಆ ಹುಡುಗರ ನಡುವೆ ನಡೆಯಿತು. ಊರಿನ ನೋವನ್ನು ಮಾರಿಕೊಳ್ಳುವವರು ಎಂದು ಒಬ್ಬರಿಗೂ, ಕಣ್ಣುಮುಚ್ಚಿ ಕುಳಿತವರು ಎಂದು ಇನ್ನೊಬ್ಬರಿಗೂ ಬಿರುನುಡಿಗಳು ಬಂದುವು. ಎರಡಕ್ಕೂ ಎಡೆಯುಂಟು. ಆದರೂ ಪಕ್ಷ ಹಿಡಿಯಲೇಬೇಕೆಂದರೆ ನಾನು ಡೆರಿಯ ಹುಡುಗರ ಕಡೆ. ಪ್ರಪಂಚದ ಪತ್ರಿಕೆಗಳೆಲ್ಲ ಬಂದು 'ನಿನ್ನ ಊರಿನ ಹೆಣಗಳ ಮಾತು ಹೇಳು' ಎಂದು ಕೇಳುತ್ತಿರುವಾಗ, ಹದಿನೆಂಟರ ಹುಡುಗನೊಬ್ಬ 'ನಾನು ನನ್ನ ಬೀದಿಯ ಹುಡುಗಿಯ ಮಾತು ಹೇಳುತ್ತೇನೆ' ಎನ್ನುವುದಕ್ಕೆ ಕಡಿಮೆ ಎದೆಗಾರಿಕೆ ಸಾಲದು. ಎಲ್ಲ ಊರಿನ ಹುಡುಗರಿಗೂ ದೊರಕುವ ಸಾಮಾನ್ಯ ಯೌವನವನ್ನು ಅವನು ತನಗೂ ಕೇಳುತ್ತಿದ್ದನು.

ಈ ಹುಡುಗರು ಸೇರುತ್ತಿದ್ದ ಸ್ಥಳ ಹಿಲ್ ಬೀದಿಯ 'ಹಾರ್ಪ್ ಬಾರ್' ಎಂಬ ಪಾನಗೃಹ. ಹಿಂದೆ ಬಾಂಬು ತಿಂದಿದ್ದ ಕಟ್ಟಡ. ಬಾಗಿಲಿಗೆ ಕಬ್ಬಿಣದ ಬಲೆಯ ಪಂಜರ. ಗೌರವಸ್ಥರು ಕಾಲಿಡುವ ಜಾಗವಲ್ಲ. 1978ರ ವಸಂತಕಾಲದಿಂದ ಅಲ್ಲಿ ಪಂಕ್ ತಂಡಗಳು ಹಾಡತೊಡಗಿದುವು. ಪೂರ್ವದ ಪ್ರೊಟೆಸ್ಟಂಟ್ ಕೇರಿಯವರೂ ಪಶ್ಚಿಮದ ಕ್ಯಾಥೊಲಿಕ್ ಕೇರಿಯವರೂ, ರಾತ್ರಿ ನಿರ್ಜನವಾಗಿರುತ್ತಿದ್ದ ಪೇಟೆಯನ್ನು ಹಾಯ್ದು ಅಲ್ಲಿಗೆ ಬರುವರು. ಒಳಗೆ ಹೋದ ಮೇಲೆ ಯಾರೂ ಯಾರ ಶಾಲೆಯನ್ನೂ ಕೇಳುತ್ತಿರಲಿಲ್ಲ. ಪಿನ್ನು ಚುಚ್ಚಿದ ಅಂಗಿಯೂ ಕೆದರಿದ ಕೂದಲೂ ಅವರಿಗೆ ಮೂರನೆಯ ಒಂದು ಪಂಗಡವನ್ನು ಕೊಟ್ಟುವು. ಹೂಲಿಯವರ ತಟ್ಟೆಗಳಲ್ಲಿಯೂ ಹಾಗೆಯೇ: ರೂಡಿ ತಂಡದವರು ಪೂರ್ವ ಬೆಲ್‌ಫಾಸ್ಟಿನವರು, ಅಂಡರ್‌ಟೋನ್ಸ್ ಡೆರಿಯ ಕ್ಯಾಥೊಲಿಕರು; ಎರಡರ ಮೇಲೆಯೂ ಒಂದೇ ಅಂಗಡಿಯ ಮುದ್ರೆ. ಮನೆಗೆ ಮರಳುವಾಗ ಮಾತ್ರ ಅಪಾಯ. ಅವರ ವೇಷವನ್ನು ಕಂಡರೆ ಎರಡೂ ಪಂಗಡದ ಪುಂಡರಿಗೆ ಆಗುತ್ತಿರಲಿಲ್ಲ. ಹೊಡೆತ ತಿಂದವರು ಅನೇಕರು. ಇಷ್ಟನ್ನು ತಿಳಿದೂ ಗೆಳೆಯನನ್ನು ಕಾಣಲು ಮರುವಾರ ಮತ್ತೆ ಹೊರಟರೆಂಬುದೇ ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹಿಡಿದ ಸಂಗತಿ.

ಆದರೆ ಹಾಡಿನಿಂದ ಊರು ಶಾಂತವಾಯಿತೆಂದು ಕೆಲವರು ಬರೆಯುವುದುಂಟು. ಅದನ್ನು ನಾನು ಒಪ್ಪಲಾರೆ. ಕೊಲೆಗಳು ಮತ್ತೂ ಇಪ್ಪತ್ತು ವರ್ಷ ನಡೆದುವು. ಮೂವತ್ತು ವರ್ಷಗಳಲ್ಲಿ ಸತ್ತವರು ಸುಮಾರು 3,500. ಒಪ್ಪಂದವಾದದ್ದು 1998ರ ಏಪ್ರಿಲ್ 10ರಂದು, ಅದೂ ರಾಜಕಾರಣಿಗಳ ದೀರ್ಘ ಮಾತುಕತೆಯಿಂದ. ಕೇರಿ ಕೇರಿಗಳ ನಡುವೆ 1969ರಿಂದ ಎಬ್ಬಿಸಿದ 'ಶಾಂತಿಯ ಗೋಡೆ'ಗಳಲ್ಲಿ ಹಲವು ಇಂದಿಗೂ ನಿಂತಿವೆ. ಪಂಕ್ ಮಾಡಿದ ಕೆಲಸ ಇದಕ್ಕಿಂತ ಚಿಕ್ಕದು: ಕೆಲವು ನೂರು ಹುಡುಗರಿಗೆ ಆಚೆ ಕೇರಿಯಲ್ಲಿ ಒಬ್ಬ ಗೆಳೆಯನನ್ನು ಕೊಟ್ಟಿತು. ಗೆಳೆಯನಿದ್ದ ಕೇರಿಗೆ ಕಲ್ಲೆಸೆಯುವುದು ಕಷ್ಟ.

ಶಾಲೆಯವನಾದ್ದರಿಂದ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಪಾನಗೃಹದಲ್ಲಿ ಆಗಬಹುದಾದ ಸ್ನೇಹ ಶಾಲೆಯಲ್ಲೇಕೆ ಆಗಬಾರದು? ದಕ್ಷಿಣದ ಡಬ್ಲಿನ್ನಿನಲ್ಲಿ 'ಮೌಂಟ್ ಟೆಂಪಲ್' ಎಂಬ ಶಾಲೆಯಿದೆ. ಅಲ್ಲಿ ಎಲ್ಲ ಮತದ ಮಕ್ಕಳೂ ಒಟ್ಟಿಗೆ ಓದುತ್ತಾರೆ. 1976ರಲ್ಲಿ ಆ ಶಾಲೆಯ ಪ್ರಕಟಣೆಯ ಹಲಗೆಯ ಮೇಲೆ ಲ್ಯಾರಿ ಮಲನ್ ಎಂಬ ಡ್ರಮ್ ಬಾರಿಸುವ ಹುಡುಗನೊಬ್ಬ, ವಾದ್ಯ ನುಡಿಸುವ ಜೊತೆಗಾರರು ಬೇಕಾಗಿದ್ದಾರೆಂದು ಚೀಟಿ ಅಂಟಿಸಿದನು. ಅದರಿಂದ ಹುಟ್ಟಿದ್ದೇ ಇಂದು ಲೋಕಪ್ರಸಿದ್ಧವಾಗಿರುವ 'ಯು-ಟೂ' ತಂಡ. ಉತ್ತರದಲ್ಲಿ ಎರಡು ಪಂಗಡದ ಮಕ್ಕಳಿಗೂ ಕೂಡಿ ಕಲಿಸುವ ಮೊದಲ ಶಾಲೆ, 'ಲ್ಯಾಗನ್ ಕಾಲೇಜ್', ಬೆಲ್‌ಫಾಸ್ಟಿನಲ್ಲಿ ಆರಂಭವಾದದ್ದು 1981ರಲ್ಲಿ. ಕಟ್ಟಿದವರು ಮಕ್ಕಳ ತಂದೆತಾಯಿಗಳು. ಮೊದಲ ದಿನ ಬಂದವರು 28 ಮಕ್ಕಳು. ಅಂಥ ಶಾಲೆಗಳು ಈಗ ಹಲವಾರು ಆಗಿವೆಯಾದರೂ ಬಹುಪಾಲು ಮಕ್ಕಳು ಇನ್ನೂ ಬೇರೆ ಬೇರೆ ಶಾಲೆಗಳಿಗೇ ಹೋಗುತ್ತಾರೆ.

ಇನ್ನು ಚಲಚ್ಚಿತ್ರ. ಲೀಸಾ ಬ್ಯಾರೊಸ್ ಡಿ'ಸಾ, ಗ್ಲೆನ್ ಲೇಬರ್ನ್ ಇಬ್ಬರೂ ಕೂಡಿ ನಿರ್ದೇಶಿಸಿದರು. ಕಥೆ ಬರೆದವರು ಬೆಲ್‌ಫಾಸ್ಟಿನವರೇ ಆದ ಕಾದಂಬರಿಕಾರ ಗ್ಲೆನ್ ಪ್ಯಾಟರ್ಸನ್ ಮತ್ತು ಅವರ ಜೊತೆಗಾರ ಕಾಲಿನ್ ಕಾರ್ಬೆರಿ. ಹೂಲಿಯ ಪಾತ್ರ ರಿಚರ್ಡ್ ಡಾರ್ಮರ್ ಅವರದು, ಪತ್ನಿಯ ಪಾತ್ರ ಜೋಡಿ ವಿಟೇಕರ್ ಅವರದು. 2012ರಲ್ಲಿ ಬೆಲ್‌ಫಾಸ್ಟಿನ ಚಿತ್ರೋತ್ಸವದಲ್ಲಿ ಮೊದಲು ತೋರಿಸಿ, ಮರುವರ್ಷ ಬಿಡುಗಡೆ ಮಾಡಿದರು. ಹಾಸ್ಯಕ್ಕೂ ಕರುಣಕ್ಕೂ ವಿರೋಧವೆಂದು ನಮ್ಮ ಲಾಕ್ಷಣಿಕರ ಮತ. ಈ ಚಿತ್ರವನ್ನು ನೋಡಿದ್ದರೆ ಅವರು ಒಂದು ಟಿಪ್ಪಣಿಯನ್ನಾದರೂ ಸೇರಿಸುತ್ತಿದ್ದರೋ ಏನೋ. ನಾಯಕನು ದೇವಮಾನವನಲ್ಲ. ಊರ ಹುಡುಗರಿಗೆಲ್ಲ ತಂದೆಯಂತಿರುವವನು ಸ್ವಂತ ಮನೆಯಲ್ಲಿ ಇರುವುದೇ ಇಲ್ಲ, ಸಂಸಾರ ಒಡೆಯುತ್ತದೆ. ಅದನ್ನು ಮುಚ್ಚಿಡದೆ ತೋರಿಸಿರುವುದು ಚಿತ್ರದ ದೊಡ್ಡ ಗುಣ. ಕೊನೆಗೆ ಅಂಗಡಿಯ ಸಾಲ ತೀರಿಸಲೆಂದು ಆಲ್ಸ್ಟರ್ ಹಾಲಿನಲ್ಲಿ ಕಚೇರಿ ಏರ್ಪಡಿಸುತ್ತಾರೆ. ಹಿಂದೆ ಕ್ಲ್ಯಾಷ್ ತಂಡಕ್ಕೆ ತೆರೆಯದೆ ಹೋದ ಅದೇ ಸಭಾಮಂದಿರ. ಕಾಲಿಡಲು ಜಾಗವಿಲ್ಲದಷ್ಟು ಜನ. ಎಣಿಸಿ ನೋಡಿದರೆ ನಷ್ಟ! ಏಕೆಂದರೆ ಹೂಲಿಯವರು ಬಂದವರನ್ನೆಲ್ಲ ತಮ್ಮ ಅತಿಥಿಗಳೆಂದು ಟಿಕೆಟ್ಟಿಲ್ಲದೆ ಒಳಗೆ ಬಿಟ್ಟಿದ್ದರು.

ಅಂಗಡಿ 1982ರಲ್ಲಿ ದಿವಾಳಿಯಾಯಿತು. ಮತ್ತೆ ಬೇರೆ ಬೇರೆ ಕಡೆಗಳಲ್ಲಿ ತೆರೆದುಕೊಂಡಿತು, ಮುಚ್ಚಿತು. 2004ರಲ್ಲಿ ನಾರ್ತ್ ಸ್ಟ್ರೀಟ್ ಆರ್ಕೇಡಿಗೆ ಬೆಂಕಿ ಬಿದ್ದಾಗ ಅಲ್ಲಿದ್ದ ಹೂಲಿಯವರ ಸಂಗ್ರಹ ಸುಟ್ಟುಹೋಯಿತು. 2015ರಲ್ಲಿ ಅಂಗಡಿಯ ಬಾಗಿಲು ಕೊನೆಯ ಸಲ ಹಾಕಿತು. 2004ರ ಅಕ್ಟೋಬರಿನಲ್ಲಿ ಜಾನ್ ಪೀಲ್ ಅವರು ಪೆರು ದೇಶದ ಪ್ರವಾಸದಲ್ಲಿದ್ದಾಗ ತೀರಿಕೊಂಡರು. ಇಂಗ್ಲೆಂಡಿನ ಸಫಕ್ ಸೀಮೆಯ ಗ್ರೇಟ್ ಫಿನ್‌ಬರೊ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. ಆ ಕಲ್ಲಿನ ಮೇಲೆ, ಅವರೇ ಬಯಸಿದ್ದಂತೆ, ಡೆರಿಯ ಹುಡುಗರ ಆ ಎರಡೂವರೆ ನಿಮಿಷದ ಹಾಡಿನ ಒಂದು ಸಾಲನ್ನು ಕೆತ್ತಿದ್ದಾರೆ.